ಒನ್ಸ್ ಮೋರ್‌ಗೆ ಅಂತ ಬರೆದಿಟ್ಟ ಚರಣ

...ಇಲ್ಲ ಪುಟ್ಟಿ, ಕಂಪನಿ ನಾಟಕದಲ್ಲಿ ಸತ್ತವರೂ ಎದ್ದು ಹಾಡ್ತಿದ್ರು. ಜನ ಒನ್ಸ್ ಮೋರ್ ಅಂದ್ರೆ ಮುಗೀತು, ಸತ್ತ ರಾಜ ಎದ್ದು ಅದೇ ಹಾಡು ಹಾಡಿ ಮತ್ತೆ ಸಾಯ್ಬೇಕು. ಅದೇ ಹಾಡಲ್ಲ, ತಡಿ. ಹಾಡು ಬರೀತಿದ್ದವನು ನಾನಲ್ವಾ, ಪ್ರತಿ ಹಾಡಿಗೂ ಒಂದು ಚರಣ ಹೆಚ್ಚಿಗೆ ಬರೆದಿಡ್ತಿದ್ದೆ. ಜನ ಕೇಳಿದ್ರೆ ಮಾತ್ರ ಅದನ್ನ ಹಾಡೋದು, ಕೇಳ್ದಿದ್ರೆ ಇಲ್ಲ. ಶಿವಮೊಗ್ಗದ ಕ್ಯಾಂಪಲ್ಲಿ ಆ ಚರಣಕ್ಕೇ ಅಂತ ಜನ ಬರೋರು. ಹೋಟ್ಲಿಗೆ ಹೋದ್ರೆ ಕವಿಗಳು ಬಂದ್ರು ಅಂತ ಬೆಂಚು ಬಿಟ್ಕೊಡೋರು. ಆಮೇಲೆ ಮನೆಮನೆಗೆ ಕೇಬಲ್ ಟೀವಿ ಬಂತು ನೋಡು, ಭದ್ರಾವತಿ ಓಲ್ಡ್ ಟೌನಲ್ಲಿ ಟೆಂಟ್ ಹಾಕೋ ಹೊತ್ತಿಗೆ ಮುಂದಿನ ಕುರ್ಚಿಗಳೇ ಖಾಲಿ. ನಮ್ಮ ಯಜಮಾನ್ರು ಗುರುಲಿಂಗಣ್ಣ ಕರೆದು, ಇವತ್ತು ನಿನ್ನ ಹಾಡಿಗೆ ಒನ್ಸ್ ಮೋರ್ ಬಂದ್ರೆ ಸರಿ, ಇಲ್ಲಾಂದ್ರೆ ನಾಳೆಯಿಂದ ಸಿನಿಮಾ ಕ್ಯಾಸೆಟ್ ಹಾಕಿ ಕುಣಿಸ್ತೀನಿ ಅಂದ್ರು. ಅವರಿಗೂ ಅಷ್ಟು ಜನರ ಹೊಟ್ಟೆ ತುಂಬಿಸ್ಬೇಕಿತ್ತು.

ಅವತ್ತು ಮಗನ್ನ ಕಳ್ಕೊಂಡ ತಾಯಿ ಹಾಡು. ತಾಯಿ ಪಾರ್ಟು ಮಾಡ್ತಿದ್ದವಳು ಚೆನ್ನಾಗೇ ಹಾಡಿದ್ಲು. ಮುಗೀತು. ಹಾರ್ಮೋನಿಯಂ ರಹೀಂ ಸಾಬ್ರು ಕೈ ತೆಗೀದೆ ಶ್ರುತಿ ಹಿಡ್ಕೊಂಡೇ ಕೂತ್ರು. ಒನ್ಸ್ ಮೋರ್ ಅಂತ ಯಾರೂ ಕೂಗ್ಲಿಲ್ಲ. ಸಾಬ್ರು ನಾನು ನಿಂತಿದ್ದ ಪರದೆ ಕಡೆ ತಿರುಗಿ ಮೆಲ್ಲಗೆ, "ಆ ಚರಣ ಎತ್ಕೊಳ್ಳೋಣ್ವಾ ಕವಿಗಳೇ? ಯಾರಿಗೆ ಗೊತ್ತಾಗುತ್ತೆ?" ಅಂದ್ರು.

"ಬೇಡ ಸಾಬ್ರೇ. ಕೇಳಿಲ್ವಲ್ಲ."

ಅವರು ಕೈ ತೆಗೆದ್ರು. ಅಷ್ಟೇ.

ಮಾರನೇ ದಿನದಿಂದ ಕ್ಯಾಸೆಟ್ ಹಾಕಿದ್ರು, ನಾನು ಕಂಪನಿ ಬಿಟ್ಟೆ. ನಿಮ್ಮಜ್ಜಿ, ನಿಮ್ಮಪ್ಪ ಊರಲ್ಲಿ. ನಾನು ಶಿವಮೊಗ್ಗದ ವಿನೋಬನಗರದಲ್ಲಿ ಒಂದು ರೂಮು ಹಿಡಿದು, ಮೈಕ್ ಕಟ್ಕೊಂಡು ಪ್ರಚಾರ ಮಾಡೋ ಆಟೋದವರಿಗೆ ಬರ್ಕೊಡ್ತಿದ್ದೆ, ಸೀರೆ ಸೇಲು, ಹೋಟ್ಲು ಓಪನಿಂಗು, ಅಂಥಾವು. ಒಬ್ಬನೇ ಅನ್ನ ಬೇಯಿಸ್ಕೊಂಡು ಕೂತಾಗ ನನ್ನ ಮಾತೇ ಬೀದೀಲಿ ಕೂಗ್ಕೊಂಡು ಹೋಗೋದು. ಬರೆದವನು ಯಾರು ಅಂತ ಯಾರೂ ಕೇಳ್ತಿರ್ಲಿಲ್ಲ.

ಎಷ್ಟೋ ವರ್ಷ ಆದ್ಮೇಲೆ ಸಾಗರದ ಬಸ್ಸಲ್ಲಿ ಪಕ್ಕದಲ್ಲಿ ಕೂತವನೊಬ್ಬ ನನ್ನನ್ನೇ ನೋಡ್ತಿದ್ದ. ಫ್ಯಾಕ್ಟ್ರಿ ಕೆಲಸದವನು, ಭದ್ರಾವತಿ ಓಲ್ಡ್ ಟೌನಿನವನು. ನೀವು ಕಂಪನಿ ಕವಿಗಳಲ್ವಾ, ಆ ತಾಯಿ ಹಾಡಿನ ದಿನ ನಾನೂ ಟೆಂಟಲ್ಲಿದ್ದೆ ಅಂದ. "ಒನ್ಸ್ ಮೋರ್ ಅನ್ನೋಣ ಅಂತ ಬಾಯಿ ತೆಗ್ದೆ ಮಾರಾಯ್ರೆ. ಯಾರೂ ಅನ್ಲಿಲ್ಲ, ನಾನೊಬ್ನೇ ಹೆಂಗೆ ಅನ್ಲಿ ಅಂತ ಸುಮ್ಮನಾದೆ. ನೀವು ಹೆಚ್ಚಿಗೆ ಬರೆದಿಟ್ಟಿದ್ದ ಆ ಚರಣ ಈಗ ಹೇಳಿ."

ನಾನು ಶುರು ಮಾಡೋ ಅಷ್ಟರಲ್ಲಿ ಅವನ ಸ್ಟಾಪು ಆಯನೂರು ಬಂತು. ಅವನು ಇಳ್ಕೊಂಡ.

ಅದಕ್ಕೇ ಹೇಳೋದು, ನಿಮ್ಮಮ್ಮನ ಸಾರು ಚೆನ್ನಾಗಿದ್ರೆ ಚೆನ್ನಾಗಿದೆ ಅನ್ನು. ಪಕ್ಕದವರು ಮೊದ್ಲು ಅನ್ಲಿ ಅಂತ ಕಾಯ್ಬೇಡ. ಏಳು, ತಟ್ಟೆ ಹಾಕಿದ್ದಾರೆ.