ಗುರುತು ಸಿಗದ ಬಿಲ್ಲೆಗಳು

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ಕೂತಿದ್ದರು. ಹಿರಿಯವರು ಬಡಗಿ, ತೊಡೆಯ ಮೇಲಿನ ಚೀಲದಿಂದ ಉಳಿಯ ಹಿಡಿ ಇಣುಕುತ್ತಿತ್ತು. ಕಿರಿಯವನು ಅವರ ಹೆಂಡತಿಯ ತಮ್ಮ, ಉಕ್ಕಿನ ಕೇಬಲ್ ಬಿಗಿಯುವ ಕೆಲಸದವನು ಎಂದು ಮಾತಿನಲ್ಲೇ ಗೊತ್ತಾಯಿತು.

"ಉಳಿ ಎಲ್ಲಾ ತಗೊಂಡು ಬನ್ನಿ ಅಂತ ನೀನು ಅಂದೆ. ಯಾಕೆ ಅಂತ ಈಗಲಾದ್ರೂ ಹೇಳೋ."

"ನಾವಿಬ್ರೂ ಕೆಲಸ ಮಾಡಿದ್ದ ಶಾಲೆ ಹಾಲ್‌ಗೆ ಬೀಗ ಹಾಕಿದಾರೆ ಭಾವ. ಚಾವಣಿ ತೊಲೆಗಳು ಎರಡು ಬೆರಳಷ್ಟು ಜಗ್ಗಿವೆ."

"ತೊಲೆ ಒಳಗೆ ನೀನು ಬಿಗಿದಿರೋ ಕೇಬಲ್ ಇದೆಯಲ್ಲೋ?"

"ಇದೆ. ಮರ ಒಣಗಿ ಕುಗ್ಗಿತು, ಕೇಬಲ್ ಸಡಿಲ ಆಯ್ತು. ವರ್ಷಕ್ಕೊಂದ್ಸಲ ಕೇಬಲ್ ತುದಿ ನಟ್ಟು ಬಿಗೀಬೇಕು ಅಂತ ಮೊದಲೇ ಹೇಳಿದ್ದೆ."

"ಹಾಗಾದ್ರೆ ಬಿಗಿ."

"ನಟ್ಟು ಕಾಣಿಸಬೇಕಲ್ಲ? ತೊಲೆ ತುದೀಲಿ ನಾನು ಬಿಟ್ಟಿದ್ದ ತೂತಿಗೆಲ್ಲ ನೀವು ಅದೇ ಮರದ ಬಿಲ್ಲೆ ಬಡಿದು ಮುಚ್ಚಿಬಿಟ್ರಿ."

"ಬಾಯಿ ತೆರ್ಕೊಂಡಿರೋ ತೂತು ನೋಡೋಕೆ ಅಸಹ್ಯವಾಗಿತ್ತು."

"ನಿನ್ನೆ ಅರ್ಧ ದಿನ ಹುಡುಕಿದೆ. ಮರದ ಗೆರೆಗೆ ಗೆರೆ ಕೂಡಿಸಿದೀರಿ. ಉಗುರು ಹೋಗೋಷ್ಟೂ ಸಂದಿಲ್ಲ."

ಬಡಗಿ ಉಳಿಯ ಹಿಡಿಯನ್ನು ಚೀಲದೊಳಕ್ಕೆ ತಳ್ಳಿದರು.

"ಬಿಲ್ಲೆ ಎಲ್ಲಿದೆ ಅಂತ ನಂಗೂ ಗೊತ್ತಾಗಲ್ಲ ಕಣೋ. ತುದಿಗಳನ್ನೆಲ್ಲ ಕೆತ್ತಿ ನೋಡಬೇಕು."

"ಅಷ್ಟು ಚೆನ್ನಾಗಿರೋ ಕೆಲಸಾನ..."

"ಕೆತ್ತೋದು ನಾನೇ. ಬೇರೆಯವರ ಕೈಗೆ ಕೊಡಲ್ಲ. ಅವತ್ತು ನೀನು ಒಂದು ಮಾತು ಹೇಳಿ ತಡೀಬಾರದಿತ್ತಾ?"

"ತಡೀಬೇಕು ಅಂತಾನೇ ಏಣಿ ಹತ್ತಿದೆ ಭಾವ. ಬಿಲ್ಲೆ ಮೇಲೆ ಕೈಯಾಡಿಸಿದೆ. 'ಎಂಥಾ ಕೈ ನಿಮ್ದು' ಅಂದು ಇಳಿದುಬಿಟ್ಟೆ."

ಶಾಲೆಯ ಸ್ಟಾಪ್ ಬಂತು. ಭಾವನ ಚೀಲವನ್ನು ಅವನೇ ಹೊತ್ತುಕೊಂಡು ಇಳಿದ.