ಹುಲಿಕೆರೆಯ ಮೆಟ್ಟಿಲಲ್ಲಿ ಚಾಚಿದ ಕೈ

ಇಂದಿನ ಸಂಜೆಯ ಅಧ್ಯಕ್ಷತೆ ವಹಿಸಿರುವ ಪ್ರಾಂಶುಪಾಲರಾದ ಹೇಮಾಶ್ರೀ ಅವರೇ, ಮುಖ್ಯ ಅತಿಥಿಗಳಾದ ಚರ್ಮವೈದ್ಯ ಡಾಕ್ಟರ್ ಮಧುಕುಮಾರ್ ಅವರೇ, ಅಧ್ಯಾಪಕ ಬಂಧುಗಳೇ, ತಿಂಡಿ ಯಾವಾಗ ಕೊಡುತ್ತಾರೆಂದು ಹಿಂದೆ ತಿರುಗಿ ನೋಡುತ್ತಿರುವ ವಿದ್ಯಾರ್ಥಿಗಳೇ, ಅರಸೀಕೆರೆಯ ಸಮಸ್ತ ಸಭಿಕರೇ,

ನಮ್ಮ ಯಜಮಾನರಾದ ರಾಮಾನುಜ ಅವರ ಹೆಸರಿನಲ್ಲಿ ಈ ಕಾಲೇಜು ಈ ವರ್ಷದಿಂದ ಒಂದು ಬಹುಮಾನ ಕೊಡುತ್ತಿದೆ. ಅವರು ತೀರಿಕೊಂಡು ವರ್ಷ ತುಂಬಿತು. ನಿರೂಪಕರು ಈಗಷ್ಟೇ ಅವರನ್ನು ‘ಮಡಿ ಆಚಾರಕ್ಕೆ ಹೆಸರಾದ ಮಹನೀಯರು’ ಎಂದು ಹೊಗಳಿದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ದಯವಿಟ್ಟು ಆ ಚಪ್ಪಾಳೆಯನ್ನು ವಾಪಸ್ ತೆಗೆದುಕೊಳ್ಳಿ. ನನ್ನ ಗಂಡ ಮಡಿವಂತರಾಗಿರಲಿಲ್ಲ. ಹೆದರಿದ್ದರು, ಅಷ್ಟೇ.

ಏತಕ್ಕೆ ಹೆದರಿದ್ದರು? ಹೇಳುತ್ತೇನೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಜನನಾಂಗ ಎಂಬ ಪದವನ್ನು ಕಪ್ಪುಹಲಗೆಯ ಮೇಲೆ ಬರೆದು ಕೆಳಗೆ ಗೆರೆ ಎಳೆದವಳು. ಮೊದಲ ಸಾಲಿನ ಹಿರಿಯರು ಕೆಮ್ಮುವುದಿದ್ದರೆ ಈಗಲೇ ಕೆಮ್ಮಿ ಮುಗಿಸಿಬಿಡಿ.

ನಮ್ಮವರಿಗೆ ಹದಿನೆಂಟೋ ಇಪ್ಪತ್ತೋ ಆಗಿದ್ದಾಗ ಆ ಜಾಗದಲ್ಲಿ ಸಾಸಿವೆಗಿಂತ ಸಣ್ಣ, ಮಾಸಲು ಬಿಳಿ ಗುಳ್ಳೆಗಳು ಕಂಡವು. ನೋವಿಲ್ಲ, ತುರಿಕೆಯಿಲ್ಲ. ಸುಮ್ಮನೆ ಇದ್ದವು. ಯಾರನ್ನು ಕೇಳಬೇಕು? ತಂದೆ ದೇವಸ್ಥಾನದ ಕೈಂಕರ್ಯದಲ್ಲಿದ್ದವರು, ಮನೆಯಲ್ಲಿ ಇಂಥ ಮಾತಿಗೆ ಜಾಗವಿಲ್ಲ. ಉತ್ತರ ಕೊಟ್ಟದ್ದು ರೈಲ್ವೆ ಸ್ಟೇಷನ್ ದಾರಿಯ ಗೋಡೆ. ‘ಗುಪ್ತರೋಗವೇ? ಲಾಡ್ಜಿಗೆ ಬನ್ನಿ’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಿತ್ತಲ್ಲ? ನಗುತ್ತಿರುವವರೆಲ್ಲ ಓದಿದ್ದೀರಿ ಎಂದಾಯಿತು. ಇವರೂ ಓದಿದರು. ತಮಗೆ ಅದೇ ರೋಗ ಎಂದು ನಂಬಿದರು. ಒಬ್ಬ ಹೆಣ್ಣಿನ ಬೆರಳನ್ನೂ ಮುಟ್ಟಿರದ ಹುಡುಗ! ಸುಣ್ಣ ಹಚ್ಚಿಕೊಂಡು ಚರ್ಮ ಸುಟ್ಟುಕೊಂಡರು. ಗುಳ್ಳೆ ಹಾಗೆಯೇ ಇತ್ತು. ಅಷ್ಟರಲ್ಲಿ ಹಿರಿಯರು ಮದುವೆ ಗೊತ್ತುಮಾಡಿದರು. ಬೇಡವೆನ್ನಲು ಕಾರಣ ಹೇಳಬೇಕಲ್ಲ!

ಹೀಗೆ ನಾನು ಆ ಮನೆಗೆ ಬಂದೆ. ಬೆಳಗ್ಗೆ ಹತ್ತಿರ ಹೋದರೆ, “ವೇದಾ, ಮುಟ್ಟಬೇಡ, ಮಡೀಲಿದೀನಿ” ಎನ್ನುತ್ತಿದ್ದರು. ಸಂಜೆಯೂ ಮಡಿ. ರಾತ್ರಿ ವ್ರತ, ದೇವರ ಮನೆಯ ಮುಂದೆ ಚಾಪೆ. ಅವರ ಸೋಪು ಬೇರೆ, ಟವೆಲು ಬೇರೆ, ಪಂಚೆ ಒಣಗುವ ತಂತಿಯೂ ಬೇರೆ. ಪಕ್ಕದ ಮನೆಯ ರುಕ್ಮಿಣಮ್ಮ, “ಪುಣ್ಯ ಮಾಡಿದೀಯ ಕಣೇ ವೇದವಲ್ಲಿ, ಇಂಥ ಮಡಿವಂತ ಗಂಡ ಯಾರಿಗ್ ಸಿಗ್ತಾನೆ?” ಎನ್ನುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ. ಒಳಗೆ ಬಂದು ಕನ್ನಡಿ ನೋಡಿಕೊಳ್ಳುತ್ತಿದ್ದೆ. ನನ್ನಲ್ಲಿ ಏನು ಕಡಿಮೆ? ಮೂಗೇ? ಬಣ್ಣವೇ? ಒಂದು ಮೊಳ ಮಲ್ಲಿಗೆ ಹೆಚ್ಚಿಗೆ ಮುಡಿದು ಎದುರಿಗೆ ಸುಳಿಯುತ್ತಿದ್ದೆ. “ಹೂ ಚೆನ್ನಾಗಿದೆ” ಎಂದು ಬಾಗಿಲಲ್ಲೇ ನಿಂತು ಹೇಳುತ್ತಿದ್ದರು. ಮಗುವಾಗಲಿಲ್ಲವೆಂದು ಜನ ನನಗೆ ಹರಕೆ ಹೊರಿಸಿ ಮಾಲೇಕಲ್ಲು ತಿರುಪತಿಯ ಬೆಟ್ಟ ಹತ್ತಿಸಿದರು. ಪಾಪ, ಆ ದೇವರಾದರೂ ಏನು ಮಾಡಬೇಕಿತ್ತು?

ಸಭಿಕರೇ, ನನಗೆ ಅವರು ಬೇಕಿತ್ತು. ಅರವತ್ತು ದಾಟಿದ ಹೆಂಗಸು ಮೈಕಿನಲ್ಲಿ ಆಡುವ ಮಾತಲ್ಲ ಇದು ಎನ್ನುತ್ತೀರಾ? ಇಪ್ಪತ್ತರಲ್ಲಿ ಆಡಲು ನನಗೆ ಯಾರು ಮೈಕು ಕೊಟ್ಟಿದ್ದರು?

ಮದುವೆಯಾದ ವರ್ಷ ಹಳೇಬೀಡಿಗೆ ನೆಂಟರ ಮನೆಗೆ ಹೋಗಿದ್ದೆವು. ಮಧ್ಯಾಹ್ನ ಹುಲಿಕೆರೆಯ ಕೊಳ ನೋಡಲು ಹೊರಟೆವು. ಕಲ್ಲಿನ ಮೆಟ್ಟಿಲು ಇಳಿಯುವಾಗ ಪಾಚಿಯ ಮೇಲೆ ಕಾಲಿಟ್ಟು ಜಾರಿದೆ. ಅವರ ಕೈ ಮುಂದೆ ಬಂತು. ನಾನು ನೋಡಿದೆ, ಬಂತು. ಅರ್ಧಕ್ಕೆ ಬಂದು ಹಿಂದಕ್ಕೆ ಹೋಯಿತು. “ನೋಡ್ಕೊಂಡು ಇಳಿ” ಎಂದರು. ಮೊಣಕೈ ತರಚಿದ್ದು ವಾರದಲ್ಲಿ ಮಾಯಿತು. ಆದರೆ ಅರ್ಧಕ್ಕೆ ಬಂದ ಆ ಕೈಯ ಎದುರಿಗೇ ನಾನು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಸಂಸಾರ ಮಾಡಿದೆ.

ಆಮೇಲೆ ಅವರ ಹಿಮ್ಮಡಿ ಒಡೆದು ರಕ್ತ ಬರತೊಡಗಿತು. ಬೈದು ಎಳೆದುಕೊಂಡು ಹೋಗಿ ಈ ಡಾಕ್ಟರ ಮುಂದೆ ಕೂರಿಸಿದೆ. ಆಗ ಇವರು ಹೊಸಬರು, ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ. ಕ್ಷಮಿಸಿ ಡಾಕ್ಟರೇ. ಮುಲಾಮು ಬರೆದುಕೊಟ್ಟು, ತಮ್ಮ ಊರಾದ ಕಣಕಟ್ಟೆಯ ಮಾತಿನಲ್ಲಿ, “ಇನ್ನೇನಾದ್ರೂ ಐತಾ ಸ್ವಾಮಿ?” ಎಂದು ಕೇಳಿದರು. ನಮ್ಮವರು ನನ್ನ ಮುಖ ನೋಡಿದರು. “ವೇದಾ, ನೀನು ಸ್ವಲ್ಪ ಹೊರಗಿರು” ಎಂದರು. ಹೋಗಿ ಬೆಂಚಿನ ಮೇಲೆ ಕುಳಿತೆ. ಒಂದು ಲೋಟ ಕಾಫಿ ಆರುವಷ್ಟರಲ್ಲಿ ಹೊರಗೆ ಬಂದರು. ನನ್ನ ಪಕ್ಕ ಕುಳಿತು ಎಲ್ಲವನ್ನೂ ಹೇಳಿದರು. ಡಾಕ್ಟರು ಅಂದದ್ದು ಇಷ್ಟು: “ಇದು ಕಾಯ್ಲೆನೇ ಅಲ್ಲ ಸ್ವಾಮಿ. ಎಷ್ಟೋ ಗಂಡಸ್ರಿಗೆ ಇರ್ತೈತೆ. ಕೆಲವ್ರ ಚರ್ಮಾನೇ ಹಂಗೆ. ಯಾರಿಗೂ ಅಂಟಲ್ಲ, ಔಸ್ದಿನೂ ಬ್ಯಾಡ. ಮನೇಗ್ ಹೋಗಿ ಆರಾಮಾಗಿರಿ.”

“ನಿನಗೆ ಅಂಟಿಬಿಡುತ್ತೆ ಅಂತ ಹೆದರಿದ್ದೆ ಕಣೇ” ಎಂದರು ನಮ್ಮವರು. ಆಗ ಅವರ ತಲೆ ಬೆಳ್ಳಗಾಗಿತ್ತು, ನನ್ನದೂ ಅರ್ಧ ನರೆತಿತ್ತು. ಕೋಪ ಬರಲಿಲ್ಲವೇ? ಬಂತು. ದಾರಿಯುದ್ದಕ್ಕೂ ಅವರಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದೆ. ಮನೆಗೆ ಬಂದವಳೇ ಅವರ ಒದ್ದೆ ಪಂಚೆಯನ್ನು ತೆಗೆದು ನನ್ನ ಸೀರೆಯ ಪಕ್ಕದಲ್ಲಿ ಒಣಹಾಕಿದೆ.

ಮುಂದಿನ ಭಾನುವಾರ ಅವರೇ, “ಹುಲಿಕೆರೆಗೆ ಹೋಗೋಣ ಬಾ” ಎಂದರು. ಹೋದೆವು. ನನಗಿಂತ ಒಂದು ಮೆಟ್ಟಿಲು ಮುಂದೆ ಇಳಿದು, ತಿರುಗಿ ನಿಂತು, ಪೂರ್ತಿ ಕೈ ಚಾಚಿದರು. ನಾನು ಇನ್ನೂ ಜಾರಿಯೇ ಇರಲಿಲ್ಲ.

ಆಮೇಲೆ ಒಂದಷ್ಟು ವರ್ಷ ಚೆನ್ನಾಗಿದ್ದೆವು. ಸಂತೆಗೆ ಕೈ ಹಿಡಿದು ಹೋಗುತ್ತಿದ್ದೆವು. “ವಯಸ್ಸಾದ್ಮೇಲೆ ನಿಮ್ಮ ಯಜಮಾನ್ರು ಕೆಟ್ಟೋದ್ರು ಕಣೇ” ಎಂದರು ರುಕ್ಮಿಣಮ್ಮ. ನಾನು ಹೂಂ ಎಂದೆ. ಆದರೆ ಮೊದಲಿನ ಆ ವರ್ಷಗಳು? ನನ್ನ ಕೂದಲು ಕಪ್ಪಗಿದ್ದ ವರ್ಷಗಳು? ಅವು ನನಗೆ ಬೇಕು. ಈಗಲೂ ಬೇಕು. ಯಾರ ಹತ್ತಿರ ಕೇಳಲಿ?

ಕೊನೆಯ ದಿನಗಳಲ್ಲಿ ಅವರು, “ಹುಡುಗರಿಗೆ ಹೇಳು ಕಣೇ. ನನ್ನ ಹೆಸರು ಹಿಡಿದೇ ಹೇಳು. ನನಗಿನ್ನು ನಾಚಿಕೆ ಏನು?” ಎಂದರು. ಅದಕ್ಕೇ ನಿಂತಿದ್ದೇನೆ. ಮಕ್ಕಳೇ, ಗುಳ್ಳೆಗಳೆಲ್ಲ ಒಂದೇ ಅಲ್ಲ. ನೋವಿದ್ದರೆ, ಹುಣ್ಣಾದರೆ, ಕೀವು ಬಂದರೆ, ಬೆಳೆಯುತ್ತಿದ್ದರೆ ಬೇಗ ತೋರಿಸಲೇಬೇಕು. ಯಾವುದು ಏನು ಎಂಬುದನ್ನು ನೀವೂ ತೀರ್ಮಾನಿಸಬೇಡಿ, ಗೋಡೆಗೂ ಬಿಡಬೇಡಿ. ನಾಳೆ ಬೆಳಗ್ಗೆ ಡಾಕ್ಟರು ಲ್ಯಾಬಿನ ಪಕ್ಕದ ಕೋಣೆಯಲ್ಲಿ ಕೂತಿರುತ್ತಾರೆ. ಬಾಗಿಲು ಮುಚ್ಚಿರುತ್ತದೆ, ಯಾರೂ ಹೆಸರು ಕೇಳುವುದಿಲ್ಲ. ಹೆಣ್ಣುಮಕ್ಕಳೇ, ಮುಂದೆ ನಿಮ್ಮ ಗಂಡ ದೂರ ನಿಂತರೆ ಕನ್ನಡಿಯ ಮುಂದೆ ಅಳುತ್ತಾ ಕೂರಬೇಡಿ. ಯಾಕೆ ಎಂದು ಕೇಳಿ. ನಾನು ಕೇಳಲಿಲ್ಲ.

ಇನ್ನು ನಾನು ಈ ವೇದಿಕೆ ಇಳಿಯಬೇಕು. ಹತ್ತುವಾಗ ನೀವು ಗಮನಿಸಿರಬಹುದು, ಮೆಟ್ಟಿಲು ಕಂಡ ಕೂಡಲೇ ನನ್ನ ಕೈ ತಾನಾಗಿ ಮುಂದೆ ಚಾಚಿಕೊಂಡಿತು. ಎದುರಿಗೆ ಯಾರೂ ಇರಲಿಲ್ಲ. ಡಾಕ್ಟರು ಓಡಿಬಂದು ಹಿಡಿದುಕೊಂಡರು, ಅವರಿಗೆ ಒಳ್ಳೆಯದಾಗಲಿ. ಇಳಿಯುವಾಗ ಮಾತ್ರ ದಯವಿಟ್ಟು ಯಾರೂ ಬರಬೇಡಿ. ನಿಧಾನವಾಗಿ ಇಳಿಯುತ್ತೇನೆ. ನನ್ನ ಆ ಕೈ ಸ್ವಲ್ಪ ಹೊತ್ತು ಹಾಗೆಯೇ ಚಾಚಿಕೊಂಡಿರಲಿ.

ಇಷ್ಟು ಹೊತ್ತು ಕೇಳಿದಿರಿ, ನಿಮ್ಮೆಲ್ಲರಿಗೂ ಧನ್ಯವಾದ. ನಮಸ್ಕಾರ.