ಏಳು ಬಾಗಿಲು

ರೈಲಿಗೆ ಕಾಯುತ್ತಿದ್ದಾಗ ನನ್ನ ಪಕ್ಕ ಇಬ್ಬರು ಹೆಂಗಸರು ಕೂತಿದ್ದರು. ಇಬ್ಬರೂ ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುವವರು. ಕಿರಿಯಳು ಮೊದಲ ಸಲ ಮೂರು ತಿಂಗಳ ಕೆಲಸಕ್ಕೆ ಪರವೂರಿಗೆ ಹೊರಟಿದ್ದಳು.

"ಅಕ್ಕಾ, ಮಂಚ, ಫ್ರಿಜ್ಜು, ಪಾತ್ರೆ ಎಲ್ಲಾ ಇರೋ ಬಾಡಿಗೆ ಮನೆಯಂತೆ. ಹೋದ ತಕ್ಷಣ ಏನು ನೋಡ್ಲಿ?"

"ಬ್ಯಾಗ್ ಇಟ್ಟು ಹೊರಗೆ ಬಾ. ಮೆಟ್ಟಿಲವರೆಗೆ ಎಷ್ಟು ಬಾಗಿಲಿವೆ ಅಂತ ಮುಟ್ಟಿ ಎಣಿಸು."

"ಯಾಕೆ?"

"ಹೋದ ವರ್ಷ ನಾನಿದ್ದ ಮಹಡಿಗೆ ಬೆಂಕಿ ಬಿತ್ತು. ಹೊಗೇಲಿ ನನ್ನ ಕೈ ನನಗೇ ಕಾಣ್ತಿರ್ಲಿಲ್ಲ. ಬಂದ ದಿನವೇ ಎಣಿಸಿಟ್ಟಿದ್ದೆ, ಗೋಡೆ ತಡವ್ತಾ ಏಳು ಬಾಗಿಲು ಎಣಿಸ್ದೆ, ಮೆಟ್ಟಿಲು ಸಿಕ್ತು."

"ಒಬ್ರೇನಾ?"

"ಏಳೂ ಬಾಗಿಲು ಬಡಿದೆ. ಹನ್ನೊಂದು ಜನ ಒಬ್ಬರ ಬಟ್ಟೆ ಒಬ್ಬರು ಹಿಡ್ಕೊಂಡು ಬಂದ್ರು. ಅದರಲ್ಲೊಬ್ಳು ಬಾಣಂತಿ."

"ಎಲ್ಲಾ ಪರಿಚಯದವರಾ?"

"ಒಬ್ಬರ ಹೆಸರೂ ಗೊತ್ತಿರ್ಲಿಲ್ಲ ಕಣೇ."

ರೈಲು ಬಂದಾಗ, ಹಿರಿಯಳು ಬೇಡವೆಂದರೂ ಕೇಳದೆ, ಕಿರಿಯಳು ಆಕೆಯ ಭಾರದ ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡು ಹಿಂದೆ ನಡೆದಳು.